ಶ್ರಮ ಎಂದರೇನೆಂದು ಮಕ್ಕಳಿಗೆ ತಿಳಿಸೋಣ

ಮಾನ್ಯ ಸಂಪಾದಕರೇ,

ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಹೆಚ್ಚು ಅಂಕ ಗಳಿಸಿದ ವಿದ್ಯಾರ್ಥಿಗಳ ಭಾವಚಿತ್ರಗಳನ್ನೂ ಅನಿಸಿಕೆಗಳನ್ನೂ ಪತ್ರಿಕೆಗಳು ಪ್ರಕಟಿಸುತ್ತವೆ. ಅದು ಸಂತೋಷದ ವಿಷಯವೇ. ಆದರೆ ‘ಕಷ್ಟಪಟ್ಟು ಓದಿದೆ, ಕನಸು ನನಸಾಯಿತು’ ಎಂಬ ಮಾತಿನಾಚೆಗೆ, ಆ ಕಷ್ಟ ಎಂಥದ್ದಾಗಿತ್ತು, ಎಲ್ಲಿ ಎಡವಿದರು, ಎಡವಿದ ಮೇಲೆ ಏನು ಮಾಡಿದರು ಎಂಬುದು ಅಲ್ಲಿ ಕಾಣಸಿಗುವುದು ಅಪರೂಪ. ಓದುವ ಮಕ್ಕಳಿಗೆ ನಿಜವಾಗಿ ಬೇಕಾಗಿರುವುದು ಅದೇ ಎಂದು ನಿವೃತ್ತ ಗಣಿತ ಶಿಕ್ಷಕನಾದ ನನ್ನ ದೃಢವಾದ ನಂಬಿಕೆ.

ಈ ಕೊರತೆಯಲ್ಲಿ ನನ್ನ ಪಾಲೂ ಇದೆ. ಅಂಕ ಕಡಿಮೆ ಬಂದವರಿಗೆ ಎಷ್ಟೋ ವರ್ಷ ನಾನು ‘ಇನ್ನೂ ಚೆನ್ನಾಗಿ ಓದಬೇಕು’ ಎಂದಷ್ಟೇ ಹೇಳುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಬಿಡಿಸಿದ ಲೆಕ್ಕಗಳನ್ನೇ ನೋಟ್‌ಪುಸ್ತಕದ ತುಂಬ ಮತ್ತೆ ಮತ್ತೆ ನಕಲು ಮಾಡಿ ತಂದು ತೋರಿಸಿದಾಗ ನನಗೆ ಅರಿವಾಯಿತು: ಅವಳ ದುಡಿಮೆಯಲ್ಲಿ ಕೊರತೆಯಿರಲಿಲ್ಲ, ಹೇಗೆ ದುಡಿಯಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಪುಸ್ತಕ ಮುಚ್ಚಿಟ್ಟು, ಖಾಲಿ ಹಾಳೆಯ ಮೇಲೆ ಒಂದೇ ಒಂದು ಲೆಕ್ಕವನ್ನು ತಾನಾಗಿ ಬಿಡಿಸಲು ಹೇಳಿದೆ. ಮೊದಲ ದಿನ ಅವಳ ಕಣ್ಣಲ್ಲಿ ನೀರು ಬಂದಿತ್ತು. ಕೆಲವು ವಾರಗಳ ನಂತರ ತಾನು ಎಲ್ಲಿ ತಪ್ಪುತ್ತೇನೆಂದು ಅವಳೇ ಹೇಳತೊಡಗಿದಳು.

ಇದು ನನ್ನೊಬ್ಬನ ಅನುಭವವಲ್ಲ. ಕಲಿತದ್ದರಲ್ಲಿ ಹೆಚ್ಚಿನ ಭಾಗ ಮೊದಲ ಕೆಲವು ಗಂಟೆಗಳಲ್ಲೇ ಮರೆತುಹೋಗುತ್ತದೆ, ಬಿಡುವು ಕೊಟ್ಟು ಪುನರಾವರ್ತಿಸಿದರೆ ನೆನಪು ಗಟ್ಟಿಯಾಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತಮ್ಮ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದ್ದರು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರೂ, ಒಂದು ವಾರದ ನಂತರ ಮೇಲುಗೈ ಪಡೆದವರು ಪಠ್ಯ ನೋಡದೆ ನೆನಪಿಸಿಕೊಂಡು ಬರೆದು ಅಭ್ಯಾಸ ಮಾಡಿದವರೇ. ಓದುವಾಗ ಸಲೀಸೆನಿಸಿದ್ದು ಉಳಿಯಲಿಲ್ಲ, ತಿಣುಕಿದ್ದು ಉಳಿಯಿತು. ನೆನಪಿಗೆ ಬಾರದೆ ಪರದಾಡುವ ಆ ಹೊತ್ತನ್ನು ಮಕ್ಕಳು ತಮ್ಮ ದಡ್ಡತನವೆಂದು ಭಾವಿಸುತ್ತಾರಲ್ಲ, ಕಲಿಕೆ ನಡೆಯುತ್ತಿರುವುದೇ ಆಗ ಎಂದು ಅವರಿಗೆ ಹೇಳುವವರು ಬೇಕು.

ಕನಸಿನ ಮಾತು ಬಂದಾಗ ನಾನು ತರಗತಿಯಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆಯವರ ಕಥೆ ಹೇಳುತ್ತಿದ್ದೆ. ಕಮ್ಮಾರನ ಮಗನಾಗಿ 1791ರಲ್ಲಿ ಹುಟ್ಟಿದ ಅವರಿಗೆ ದೊರೆತ ಶಾಲಾ ಶಿಕ್ಷಣ ತೀರಾ ಅಲ್ಪ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿ, ಏಳು ವರ್ಷ ಅಲ್ಲಿ ದುಡಿಯುತ್ತಲೇ, ಕೈಗೆ ಬಂದ ಪುಸ್ತಕಗಳನ್ನು ಓದಿ, ಓದಿದ್ದನ್ನು ಸಣ್ಣಪುಟ್ಟ ಸಲಕರಣೆಗಳಿಂದ ತಾವೇ ಪ್ರಯೋಗ ಮಾಡಿ ನೋಡುತ್ತಿದ್ದರು. 1812ರಲ್ಲಿ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ವಿಸ್ತರಿಸಿ, ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. ಕೆಲಸ ಕೂಡಲೇ ಸಿಗಲಿಲ್ಲ. 1813ರಲ್ಲಿ ಸಹಾಯಕನ ಸ್ಥಾನವೊಂದು ತೆರವಾದಾಗ ಡೇವಿಯವರಿಗೆ ನೆನಪಾದದ್ದು ಆ ಯುವಕ. ಅವಕಾಶ ಬಂದದ್ದು ಅದೃಷ್ಟವೆಂದು ಬೇಕಾದರೆ ಒಪ್ಪೋಣ, ಆದರೆ ಆ ಪುಸ್ತಕ ಅದಕ್ಕಿಂತ ಮೊದಲೇ ಸಿದ್ಧವಾಗಿತ್ತು. ಮುಂದೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು, ಅಂದರೆ ಬದಲಾಗುವ ಕಾಂತಬಲದಿಂದ ತಂತಿಯಲ್ಲಿ ವಿದ್ಯುತ್ ಹುಟ್ಟುವುದನ್ನು, ಕಂಡುಹಿಡಿಯುವ ಮುನ್ನವೂ ಅದೇ ಹುಡುಕಾಟದಲ್ಲಿ ಅವರು ಸೋತಿದ್ದುಂಟು.

ಎಲ್ಲರೂ ಫ್ಯಾರಡೆ ಆಗುವುದಿಲ್ಲ ಎಂಬುದನ್ನೂ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ. ಬಡತನ, ಅನಾರೋಗ್ಯ, ಮನೆಯ ಜವಾಬ್ದಾರಿಗಳು ಕೆಲವರ ದಾರಿಯನ್ನು ಹೆಚ್ಚು ಕಡಿದಾಗಿಸುತ್ತವೆ. ಅಂಥವರಿಗೆ ‘ನೀನು ಶ್ರಮಪಡಲಿಲ್ಲ’ ಎನ್ನುವುದು ಅನ್ಯಾಯ. ನಿದ್ದೆಗೆಟ್ಟು ಓದುವುದನ್ನು ಹೊಗಳುವುದೂ ತಪ್ಪು, ಏಕೆಂದರೆ ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ದೆ ಬೇಕು.

ಆದ್ದರಿಂದ ತಮ್ಮಲ್ಲಿ ನನ್ನದೊಂದು ವಿನಂತಿ. ಮುಂದಿನ ಫಲಿತಾಂಶದ ಸಮಯದಲ್ಲಿ ಸಾಧಕ ವಿದ್ಯಾರ್ಥಿಗಳನ್ನು ಮಾತನಾಡಿಸುವಾಗ, ಎಷ್ಟು ಗಂಟೆ ಓದಿದಿರಿ ಎಂಬ ಪ್ರಶ್ನೆಯ ಬದಲು, ಯಾವ ಪಾಠ ತಲೆಗೆ ಹತ್ತಲಿಲ್ಲ, ಅದನ್ನು ಹೇಗೆ ದಾಟಿದಿರಿ ಎಂದು ದಯವಿಟ್ಟು ಕೇಳಿಸಿ. ಮೊದಲ ಸಲ ಅನುತ್ತೀರ್ಣರಾಗಿ ಎರಡನೆಯ ಸಲ ಗೆದ್ದವರ ಮಾತಿಗೂ ಅದೇ ಪುಟದಲ್ಲಿ ಜಾಗ ಕೊಡಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಶಿಕ್ಷಕ