ಪದಪಟ್ಟಿ ಉರು ಹೊಡೆಸಿದರೆ ಸಾಲದು

ಮಾನ್ಯರೇ,

ದಾವಣಗೆರೆಯಲ್ಲಿ ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳು ಇಂಗ್ಲಿಷ್ ಅಂದರೆ ಈಗಲೂ ಹೆದರುತ್ತಾರೆ. ಪರೀಕ್ಷೆ ಹತ್ತಿರ ಬಂತೆಂದರೆ ಮನೆಯವರು ಒಂದು ಪದಪಟ್ಟಿ ಕೈಗಿಟ್ಟು 'ಉರು ಹೊಡಿ' ಅನ್ನುತ್ತಾರೆ. ರಾತ್ರಿಯೆಲ್ಲ ಉರು ಹೊಡೆದದ್ದು ವಾರ ಕಳೆಯುವಷ್ಟರಲ್ಲಿ ಮಾಯ.

ಇದರಲ್ಲಿ ಮಕ್ಕಳ ತಪ್ಪೇನಿಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲೇ ಇದನ್ನು ಬರೆದಿದ್ದಾನೆ: ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ ಮರೆಯುತ್ತದೆ, ಬಿಡುವು ಕೊಟ್ಟು ಮತ್ತೆ ಮತ್ತೆ ನೋಡಿದರೆ ಉಳಿಯುತ್ತದೆ. ಹಾಗಾಗಿ ದಿನಕ್ಕೆ ಐದಾರು ಪದ ಸಾಕು. ನಾಳೆ, ಮೂರು ದಿನ ಬಿಟ್ಟು, ವಾರ ಬಿಟ್ಟು ಅವನ್ನೇ ಕೇಳಿ. ಕೇಳುವವರಿಗೆ ಇಂಗ್ಲಿಷ್ ಬರಲೇಬೇಕೆಂದಿಲ್ಲ, ಅಜ್ಜಿಯೂ ಚೀಟಿ ಹಿಡಿದು ಕೂರಬಹುದು! 'ಡಿಸೈಡ್' ಕಲಿತಾಗಲೇ 'ಡಿಸಿಷನ್' ಕೂಡ ಸೇರಿಸಿ, ಎರಡನ್ನೂ ಮಗುವೇ ತನ್ನದೊಂದು ವಾಕ್ಯದಲ್ಲಿ ಬಳಸಲಿ. ಎಸ್‌ಎಸ್‌ಎಲ್‌ಸಿಯಲ್ಲಿ ಪತ್ರ, ಪ್ರಬಂಧ ಬರೆಯಬೇಕಲ್ವಾ? ಸುಮ್ನೆ ಅರ್ಥ ಗೊತ್ತಿದ್ದರೆ ಅಲ್ಲಿ ಕೈ ಓಡುವುದಿಲ್ಲ.

ನಗರದ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಜೊತೆಗೆ ಸುಲಭ ಇಂಗ್ಲಿಷ್ ಕಥೆಪುಸ್ತಕಗಳಿಗೂ ಒಂದು ಕಪಾಟು ಬೇಕು. ಶಾಲೆ ಬಿಟ್ಟು ಬರುವ ಮಕ್ಕಳ ಕೈಗೆ ಎಟುಕುವಂತಿರಲಿ, ಬೀಗ ಹಾಕಿಡಬೇಡಿ.

– ಒಬ್ಬ ಪೋಷಕ, ದಾವಣಗೆರೆ