ಎಲ್ಲ ಕೆಮ್ಮೂ ದಮ್ಮಲ್ಲ

ಸಂಪಾದಕರೇ,

ಚಳಿಗಾಲ ಬಂದರೆ ಪತ್ರಿಕೆಗಳಲ್ಲಿ ಮಕ್ಕಳ ಕೆಮ್ಮು, ದಮ್ಮಿನ ಬಗ್ಗೆ ಬರುತ್ತದೆ. ಪಿಸಿಡಿ ಎಂಬ, ಹುಟ್ಟಿನಿಂದಲೇ ಬರುವ ಕಾಯಿಲೆಯ ಬಗ್ಗೆಯೂ ದಯವಿಟ್ಟು ಬರೆಯಿರಿ.

ನನ್ನ ಮಗನಿಗೆ ಹುಟ್ಟಿದ ಮರುದಿನವೇ ಉಸಿರಾಟದ ತೊಂದರೆಯಾಯಿತು. ಆಮೇಲೆ ವರ್ಷವಿಡೀ ಸೋರುವ ಮೂಗು, ಕಫದ ಕೆಮ್ಮು, ಕಿವಿನೋವು. ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಹೊಗೆ ಅಂದರು, ದಮ್ಮು ಅಂದರು, ಆರು ತಿಂಗಳು ಟಿಬಿ ಗುಳಿಗೆಯನ್ನೂ ನುಂಗಿಸಿದೆವು. ಎಕ್ಸ್‌ರೇಯಲ್ಲಿ ಹೃದಯ ಬಲಗಡೆ ಕಂಡಾಗ, ಫಿಲ್ಮ್ ತಿರುಗಿಸಿ ಇಟ್ಟಿರಬೇಕು ಎಂದು ಒಬ್ಬರು ವಾಪಸ್ ಕಳಿಸಿದ್ದರು. ಒಂಬತ್ತನೇ ವಯಸ್ಸಿಗೆ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ದೋಷ ಇರುವುದು ಡಿಎನ್‌ಎಎಚ್5 ಎಂಬ ಜೀನ್‌ನಲ್ಲಿ. ಕಾಯಿಲೆಯ ಪೂರ್ತಿ ಹೆಸರು ಪ್ರೈಮರಿ ಸಿಲಿಯರಿ ಡಿಸ್ಕೈನೇಸಿಯಾ.

ನಮ್ಮ ಮೂಗು, ಶ್ವಾಸನಾಳದ ಒಳಗೋಡೆ ತುಂಬ ಕಣ್ಣಿಗೆ ಕಾಣದ ಎಳೆಗಳಿವೆ, ಸಿಲಿಯಾ ಅಂತ. ಗಾಳಿಗೆ ಗದ್ದೆಯ ಪೈರು ಬಳುಕಿದ ಹಾಗೆ, ಸೆಕೆಂಡಿಗೆ ಸುಮಾರು 10 ಸಲ ಬಡಿಯುತ್ತಾ ಧೂಳು, ಕಫವನ್ನು ಗಂಟಲ ಕಡೆಗೆ ತಳ್ಳುತ್ತವೆ. ಈ ಬಡಿತದ ಮೋಟಾರು ಡೈನೀನ್ ಎಂಬ ಪ್ರೋಟೀನು. 1965ರಲ್ಲೇ ವಿಜ್ಞಾನಿ ಇಯಾನ್ ಗಿಬ್ಬನ್ಸ್ ಅದಕ್ಕೆ ಹೆಸರಿಟ್ಟಿದ್ದರು. ಆ ಮೋಟಾರಿನ ಒಂದು ದೊಡ್ಡ ಭಾಗ ತಯಾರಾಗುವುದು ಡಿಎನ್‌ಎಎಚ್5 ಜೀನ್‌ನಿಂದ. ಅದು ಕೆಟ್ಟರೆ ಎಳೆಗಳು ಸುಮ್ನೆ ನಿಂತುಬಿಡುತ್ತವೆ, ಇಲ್ಲವೇ ಸರಿಯಾಗಿ ಬಡಿಯುವುದಿಲ್ಲ, ಕಫ ಅಲ್ಲೇ ಉಳಿದು ಸೋಂಕಾಗುತ್ತದೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಎಡ ಬಲ ಗೊತ್ತು ಮಾಡುವುದೂ ಇಂಥ ಎಳೆಗಳೇ. ಅದಕ್ಕೇ ಪಿಸಿಡಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹೃದಯ ಬಲಕ್ಕಿರುತ್ತದೆ.

ಊರಲ್ಲಿ ಮಾತ್ರ, ಬಸುರಿಯಾಗಿದ್ದಾಗ ಗ್ರಹಣ ನೋಡಿದಳು ಅಂತ ನನ್ನ ಹೆಂಡತಿಯನ್ನೇ ಅಂದರು. ಅವಳು ಅದೆಷ್ಟು ರಾತ್ರಿ ಅತ್ತಿದ್ದಾಳೋ. ಅವಳು ನನ್ನ ಅಕ್ಕನ ಮಗಳು. ಆ ಜೀನ್‌ನ ಕೆಟ್ಟ ಪ್ರತಿ ನನ್ನಲ್ಲೂ ಒಂದಿದೆ, ಅವಳಲ್ಲೂ ಒಂದಿದೆ, ನಮಗಿಬ್ಬರಿಗೂ ಏನೂ ತೊಂದರೆಯಿಲ್ಲ. ಎರಡೂ ಮಗುವಿಗೆ ಬಂದರಷ್ಟೇ ಕಾಯಿಲೆ, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವುದು ಜಾಸ್ತಿ. ಅದನ್ನು ಅವಳೊಬ್ಬಳ ತಲೆಗೆ ಕಟ್ಟುವುದು ಅನ್ಯಾಯ ಅಲ್ವಾ?

ಇದನ್ನು ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ದಿನಾ ಬೆಳಿಗ್ಗೆ ಸಂಜೆ ನೆಬ್ಯುಲೈಸರ್ ಕೊಟ್ಟು, ಎದೆಯ ಫಿಸಿಯೋಥೆರಪಿ ಮಾಡಿ ಕಫ ತೆಗೆಯುತ್ತೇವೆ. ಮೊದಲೇ ಗೊತ್ತಾಗಿದ್ದರೆ ಎಡ ಶ್ವಾಸಕೋಶದ ಕೆಳಭಾಗ ಇಷ್ಟು ಹಾಳಾಗುತ್ತಿರಲಿಲ್ಲವೇನೋ. ಹುಟ್ಟಿನಿಂದ ಬಿಡದ ಕೆಮ್ಮು, ಬಿಡದ ನೆಗಡಿ, ಬಲಕ್ಕಿರುವ ಹೃದಯ, ಇವನ್ನು ಕಂಡರೆ ಪಿಸಿಡಿ ಇರಬಹುದಾ ಎಂದು ಡಾಕ್ಟರನ್ನು ಕೇಳಿ ಅಂತ ನಿಮ್ಮ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ಇಲ್ಲಿನ ಕನ್ನಡಿಗರ ಮನೆಗಳಲ್ಲಿ ಹಿರಿಯರು ಓದುವುದು ಕನ್ನಡ ಪತ್ರಿಕೆಯನ್ನೇ.

– ಒಬ್ಬ ಓದುಗ, ಡೊಂಬಿವಲಿ