ಕನ್ವರ್ಷನ್ ಆದ ಮಾತ್ರಕ್ಕೆ ಬಡಾವಣೆಯಲ್ಲ

ಮಾನ್ಯರೇ,

‘ಡಿ.ಸಿ. ಕನ್ವರ್ಷನ್ ಆಗಿದೆ’ ಎಂಬ ಒಂದೇ ಮಾತು ನಂಬಿ ಜನ ನಿವೇಶನ ಕೊಳ್ಳುತ್ತಿದ್ದಾರೆ. 1964ರ ಭೂಕಂದಾಯ ಕಾಯ್ದೆಯ ಕಲಂ 95ರಡಿ ಜಿಲ್ಲಾಧಿಕಾರಿ ನೀಡುವ ಈ ಪರಿವರ್ತನೆ ಆದೇಶ ಜಮೀನಿನ ಬಳಕೆಯನ್ನಷ್ಟೇ ಕೃಷಿಯಿಂದ ಕೃಷಿಯೇತರಕ್ಕೆ ಬದಲಿಸುತ್ತದೆ. ಯೋಜನಾ ಪ್ರದೇಶದೊಳಗೆ ಅದನ್ನು ನಿವೇಶನಗಳಾಗಿ ವಿಂಗಡಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 17ರಡಿ ಯೋಜನಾ ಪ್ರಾಧಿಕಾರದ ವಿನ್ಯಾಸ (ಲೇಔಟ್) ಅನುಮೋದನೆ ಬೇರೆಯೇ ಬೇಕು. ರಸ್ತೆಯ ಅಗಲ, ಮಳೆನೀರು ಹರಿಯುವ ದಾರಿ, ಉದ್ಯಾನದ ಜಾಗ ಪರಿಶೀಲನೆಯಾಗುವುದು ಅಲ್ಲೇ.

ಒಂದು ಲೆಕ್ಕ ಹಾಕಿ ನೋಡಿ. ಎಕರೆಗೆ 43,560 ಚದರ ಅಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ಶೇ 55ರಷ್ಟು ಉಳಿಯಿತೆಂದುಕೊಂಡರೆ 30x40 ಅಡಿ ಅಳತೆಯ 19 ನಿವೇಶನಗಳಾಗುತ್ತವೆ. ಅದೇ ಎಕರೆಯಲ್ಲಿ 30 ಸೈಟು ತೋರಿಸುವ ನಕ್ಷೆ ರಸ್ತೆಯನ್ನೋ ಉದ್ಯಾನವನ್ನೋ ನುಂಗಿರಲೇಬೇಕು.

ವಿನ್ಯಾಸಕ್ಕೆ ಅನುಮೋದನೆ ಇದೆಯೋ ಇಲ್ಲವೋ ಎಂಬುದು ಋಣಭಾರ ಪತ್ರದಲ್ಲಿ (ಇ.ಸಿ.) ಕಾಣದು. ಅಲ್ಲಿರುವುದು ನೋಂದಾಯಿತ ವಹಿವಾಟು ಮಾತ್ರ. ಪಂಚಾಯಿತಿ ಕೊಡುವ ಆಸ್ತಿ ದಾಖಲೆ, 11-ಬಿ ನಮೂನೆಯೂ ಅನುಮೋದನೆಯಲ್ಲ. ಮುಂಗಡ ಕೊಡುವ ಮೊದಲೇ ಸರ್ವೆ ನಂಬರ್ ಹಿಡಿದು ಪ್ರಾಧಿಕಾರದಲ್ಲಿ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ ಪಡೆಯಬೇಕು. ರಸ್ತೆ, ಉದ್ಯಾನ ನೋಂದಾಯಿತ ಪತ್ರದ ಮೂಲಕ ಹಸ್ತಾಂತರವಾಗಿವೆಯೇ ಎಂದೂ ಕೇಳಬೇಕು. 500 ಚದರ ಮೀಟರ್ ಮೀರಿದ ಬಡಾವಣೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯೂ ಇರಬೇಕು.

ಅನುಮೋದಿತ ನಕ್ಷೆಗಳ ಪಟ್ಟಿಯನ್ನು ಸರ್ವೆ ನಂಬರ್‌ವಾರು ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸುವಂತೆ ಪ್ರಾಧಿಕಾರಗಳಿಗೆ ಸರ್ಕಾರ ಆದೇಶಿಸಲಿ.

– ಒಬ್ಬ ಓದುಗ, ತುಮಕೂರು